ಹಣ್ಣುಹುಳು ಆರಿಸುವ ಬೆರಳು

ಡಿಸೈನ್ ಕಲಿಯಲು ಬಂದ ಮಕ್ಕಳನ್ನು ಮೊದಲ ವಾರವೇ ಕೆಲಮಂಗಲದ ರಸ್ತೆಗೆ ಕರೆದೊಯ್ಯಬೇಕು ಎಂಬ ನನ್ನ ಹಟಕ್ಕೆ ವಿಭಾಗದಲ್ಲಿ ಯಾರೂ ಸುಲಭವಾಗಿ ಒಪ್ಪಿರಲಿಲ್ಲ. ಬೆಳಗಿನ ಐದಕ್ಕೆ ಬೆಂಗಳೂರಿನಿಂದ ಬಸ್ಸು ಹೊರಡಿಸಿ, ಅತ್ತಿಬೆಲೆಯ ಗಡಿ ದಾಟಿ, ಹೊಸೂರು ದಾಟಿ, ಒಂದು ಟೀ ಅಂಗಡಿಯ ಮುಂದೆ ಇಳಿಸಿ, ‘ಇಲ್ಲಿ ನಿಂತು ಹಾಲಿನ ಗಾಡಿಗಳನ್ನು ನೋಡಿ’ ಎಂದರೆ ಅದನ್ನು ವಿಶ್ವವಿದ್ಯಾಲಯದ ಪಾಠ ಎಂದು ಯಾರು ತಾನೇ ಒಪ್ಪಿಯಾರು? ಆದರೆ ಪಾಠ ಮಾಡಿದಷ್ಟು ವರ್ಷವೂ ನಾನು ಅದನ್ನು ಬಿಡಲಿಲ್ಲ. ಸ್ಟುಡಿಯೋದ ಬಿಳಿ ಗೋಡೆಗಳ ನಡುವೆ ಕಾಗದ ಹಿಡಿದು ಕೂರುವ ಮುಂಚೆ, ವಸ್ತುವೊಂದು ಬದುಕುವ ಜಾಗವನ್ನು ಕಣ್ಣಾರೆ ಕಂಡಿರಬೇಕು ಎಂಬುದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಹಾಲಿನ ಗಾಡಿ ಎಂದರೆ ನಮ್ಮ ಕಡೆ ಟಿವಿಎಸ್ ಮೊಪೆಡ್. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಂದಾಗ, ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಅದಾಗಿತ್ತು. ಗೇರು ಬದಲಿಸುವ ಗೋಜಿಲ್ಲ, ಕ್ಲಚ್ ಹಿಡಿಯುವುದಿಲ್ಲ, ಸೈಕಲ್ಲು ಬಲ್ಲವರು ಅರ್ಧ ದಿನದಲ್ಲಿ ಕಲಿಯುತ್ತಿದ್ದರು. ಆಮೇಲೆ ಎಕ್ಸ್‌ಎಲ್ ಸೂಪರ್ ಬಂತು, 2015ರಲ್ಲಿ ನಾಲ್ಕು ಸ್ಟ್ರೋಕಿನ ಎಕ್ಸ್‌ಎಲ್ 100 ಬಂತು. ಆದರೆ ಗಾಡಿಯ ಮೂಲ ಗುಣ ಉಳಿಯಿತು. ಅದು ಕೂರುವವರಿಗಿಂತ ಹೊರೆಗೆ ಹೆಚ್ಚು ಜಾಗ ಕೊಡುವ ಗಾಡಿ. ಶೂಲಗಿರಿಯ ಕೊತ್ತಂಬರಿ ಕಟ್ಟು, ರಾಯಕೋಟೆಯ ಟೊಮೆಟೊ ಕ್ರೇಟು, ಬಾಗಲೂರಿನ ಪಾಲಿಹೌಸುಗಳಲ್ಲಿ ಇಪ್ಪತ್ತಿಪ್ಪತ್ತಾಗಿ ರಟ್ಟಿನಲ್ಲಿ ಸುತ್ತಿಟ್ಟ ಗುಲಾಬಿ ಕಟ್ಟುಗಳು, ಹಿಂಡಿ ಮೂಟೆ, ಶಾಲೆಗೆ ಹೋಗುವ ಮೂವರು ಮಕ್ಕಳು, ಎಲ್ಲವೂ ಅದರ ಮೇಲೆ ಸಾಗಿದವು.

ಮಕ್ಕಳಿಗೆ ನಾನು ಹೇಳುತ್ತಿದ್ದುದು ಇಷ್ಟೇ: ಗಾಡಿಯನ್ನು ಬರೆಯಬೇಡಿ, ಹೊರೆಯನ್ನು ಬರೆಯಿರಿ. ನಲವತ್ತು ಲೀಟರಿನ ಅಲ್ಯೂಮಿನಿಯಂ ಕ್ಯಾನು ಎರಡೂ ಬದಿಗೆ ತೂಗಿದರೆ ಹಾಲೇ ಎಂಬತ್ತು ಕಿಲೋ ಮೀರುತ್ತದೆ, ಕ್ಯಾನಿನ ತೂಕ ಬೇರೆ. ಅಷ್ಟು ಭಾರ ಹೊತ್ತು ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ವಾಲದೆ ಹೇಗೆ ಬರುತ್ತದೆ? ಎಲ್ಲಿಂದ ತೂಗಿದ್ದಾರೆ? ಯಾವುದರಿಂದ ತೂಗಿದ್ದಾರೆ? ಮನೆ ಕಟ್ಟುವ ಕಂಬಿಯನ್ನು ಬಗ್ಗಿಸಿ ಮಾಡಿದ ಕೊಕ್ಕೆ ಎಂಬುದು ಹತ್ತಿರ ಹೋದವರಿಗೆ ಮಾತ್ರ ಕಾಣುತ್ತಿತ್ತು. ಕಂಪನಿಯ ಯಾವ ನಕ್ಷೆಯಲ್ಲೂ ಇರದ ಕೊಕ್ಕೆ ಅದು.

ಹಾಗೆ ನೋಡಿದ ಮೇಲೆ ಬಾಗಲೂರು ರಸ್ತೆಯ ವೆಲ್ಡಿಂಗ್ ಅಂಗಡಿಗೆ. ಅಲ್ಲಿನ ಯಜಮಾನರ ಮನೆಮಾತು ತೆಲುಗು, ಗಿರಾಕಿಗಳೊಡನೆ ತಮಿಳು, ನಮ್ಮ ಜೊತೆ ಕನ್ನಡ. ಕೊಕ್ಕೆಯನ್ನು ಅಷ್ಟೇ ಎತ್ತರಕ್ಕೆ ಯಾಕೆ ಕೂರಿಸುತ್ತೀರಿ ಎಂದು ಒಬ್ಬ ಹುಡುಗ ಕೇಳಿದಾಗ ಅವರು ಕೈಯಲ್ಲಿದ್ದ ಗಾಜಿನ ಮುಖವಾಡ ಕೆಳಗಿಟ್ಟು, ನಿಂತಿದ್ದ ಗಾಡಿಯ ಪಕ್ಕ ಕೂತು ತೋರಿಸಿದರು. “ಇನ್ನೂ ಕೆಳಕ್ಕೆ ಬಿಟ್ರೆ ಕ್ಯಾನು ಸೈಲೆನ್ಸರ್‌ಗೆ ತಾಗ್ತದೆ ಮೇಡಮ್, ಬಿಸಿಗೆ ಹಾಲು ಕೆಡ್ತದೆ. ಮೇಲಕ್ಕೆ ಕಟ್ಟಿದ್ರೆ ತಿರುವಿನಲ್ಲಿ ಗಾಡಿ ಎಳೀತದೆ. ನಡುವೆ ನಾಲ್ಕ್ ಬೆರಳು ಜಾಗ. ಅದರೊಳಗೇ ನಾನು ಕೆಲ್ಸ ಮಾಡ್ಬೇಕು.”

ಭಾರಕೇಂದ್ರವನ್ನು ಸೀಟಿಗಿಂತ ಕೆಳಗಿಳಿಸುವುದು, ಶಾಖದಿಂದ ದೂರವಿಡುವುದು, ಖಾಲಿ ಕ್ಯಾನನ್ನು ಒಂದೇ ಕೈಯಲ್ಲಿ ಕಳಚುವಂತಿರುವುದು. ಒಂದು ಸೆಮಿಸ್ಟರು ಕಲಿಸಬೇಕಾದ್ದು ಆ ನಾಲ್ಕು ಬೆರಳಿನ ಜಾಗದಲ್ಲಿತ್ತು. ಕಾರ್ಖಾನೆಯವರೂ ರಸ್ತೆಯನ್ನು ನೋಡಿದ್ದಾರೆ ಎಂಬುದಕ್ಕೆ ಗಾಡಿಯೇ ಸಾಕ್ಷಿ. ಹೆವಿ ಡ್ಯೂಟಿ ಮಾದರಿಯ ಹಿಂದಿನ ಸೀಟನ್ನು ಕಳಚಿಡಬಹುದು, ಮುಂದೆ ಕಾಲಿನ ಬಳಿ ಮೂಟೆ ಕೂರುವಷ್ಟು ಜಾಗ ಬಿಟ್ಟಿದ್ದಾರೆ. ಈಚಿನ ವರ್ಷಗಳಲ್ಲಿ ಹೊಸೂರಿನಲ್ಲಿ ಏಥರ್, ಪೋಚಂಪಳ್ಳಿಯಲ್ಲಿ ಓಲಾ ಕಾರ್ಖಾನೆ ಬಂದು ಕೃಷ್ಣಗಿರಿ ಜಿಲ್ಲೆಯ ಕೈಗಳೇ ಬ್ಯಾಟರಿ ಸ್ಕೂಟರುಗಳನ್ನು ಜೋಡಿಸುತ್ತಿವೆ. ನುಣುಪಾದ, ಸುಂದರವಾದ ಮೈ. ‘ಇದಕ್ಕೆ ಕ್ಯಾನು ಎಲ್ಲಿ ತೂಗಲಿ?’ ಎಂದು ಅದೇ ವೆಲ್ಡಿಂಗ್ ಅಂಗಡಿಯಲ್ಲಿ ಒಬ್ಬ ರೈತರು ಕೇಳಿದ್ದನ್ನು ನಾನು ಹಾಗೇ ಪ್ರಶ್ನೆಪತ್ರಿಕೆಗೆ ಹಾಕಿದೆ. ಆ ವರ್ಷ ಬಂದ ಉತ್ತರಗಳಷ್ಟು ಒಳ್ಳೆಯ ಉತ್ತರಗಳನ್ನು ನಾನು ಬೇರೆ ಯಾವ ಪ್ರಶ್ನೆಗೂ ಓದಿಲ್ಲ.

ನಾನು ಹುಟ್ಟಿದ್ದು ಕೆಲಮಂಗಲಕ್ಕೂ ದೆಂಕಣಿಕೋಟೆಗೂ ನಡುವಿನ ಒಂದು ಹಳ್ಳಿಯಲ್ಲಿ. ನಮ್ಮ ಅಪ್ಪ ಹುಟ್ಟಿದಾಗ ಅದು ಸೇಲಂ ಜಿಲ್ಲೆ, ನನ್ನ ಶಾಲೆಯ ಸರ್ಟಿಫಿಕೇಟಿನಲ್ಲಿ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ಮನೆಯೊಳಗೆ ಕನ್ನಡ, ಪಕ್ಕದ ಬೀದಿಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ಎಲ್ಲವೂ. ಹೊಲದಲ್ಲಿ ರಾಗಿ, ಬಾವಿಯ ನೀರು ಹರಿಯುವಷ್ಟು ಜಾಗದಲ್ಲಿ ಹಿಪ್ಪುನೇರಳೆ. ಮನೆಯ ದೊಡ್ಡ ಕೋಣೆ ನಮ್ಮದಲ್ಲ, ಹುಳುವಿನದು.

ರೇಷ್ಮೆ ಸಾಕಿದವರಿಗೆ ನಾನು ಹೊಸದೇನೂ ಹೇಳುತ್ತಿಲ್ಲ, ಸಾಕದವರಿಗಾಗಿ ಸ್ವಲ್ಪ ಬರೆಯುತ್ತೇನೆ. ನೂರು ಮೊಟ್ಟೆ ತಂದರು ಎಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ, ಹೆಚ್ಚುಕಡಿಮೆ ನಲವತ್ತು ಸಾವಿರ ಹುಳು. ನಾಲ್ಕು ಜ್ವರ ಕಳೆದು, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಹುಳು ಬೆರಳುದ್ದ ಬೆಳೆದು, ಸುಮಾರು 25 ದಿನಕ್ಕೆ ಹಣ್ಣಾಗುತ್ತದೆ. ಹಣ್ಣಾದ ಹುಳು ಸೊಪ್ಪು ಬಿಡುತ್ತದೆ, ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ, ಮೈ ಬೆಳಕಿಗೆ ಹಿಡಿದರೆ ಕಾಣುವಷ್ಟು ತಿಳಿಯಾಗುತ್ತದೆ. ಆಗ ಅದನ್ನು ಸೊಪ್ಪಿನ ರಾಶಿಯಿಂದ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನೊಳಗೇ ನೂಲು ಬಿಟ್ಟು ಹಾಳು. ಬೇಗ ಆರಿಸಿದರೆ ಹಸಿ ಹುಳು ಚಂದ್ರಿಕೆಯ ಮೇಲೆ ಸುಮ್ಮನೆ ಅಲೆಯುತ್ತದೆ, ಗೂಡು ತೆಳುವಾಗುತ್ತದೆ. ಒತ್ತಿ ಹಿಡಿದರೆ ಸಾಯುತ್ತದೆ. ಆ ಒಂದು ಹಗಲು ಒಂದು ರಾತ್ರಿ ಮನೆಯವರಷ್ಟೇ ಅಲ್ಲ, ನೆಂಟರು, ನೆರೆಯವರು, ಕೂಲಿಗೆ ಬಂದವರು ಎಲ್ಲರ ಬೆರಳೂ ಬೇಕು.

ನಮ್ಮ ಚಿಕ್ಕಮ್ಮನ ಬೆರಳು ಊರಿಗೇ ಹೆಸರಾಗಿತ್ತು. ದೀಪದ ಬೆಳಕಿನಲ್ಲಿ ಅವರು ಹುಳುವನ್ನು ನೋಡುತ್ತಿದ್ದರೋ ಮುಟ್ಟಿಯೇ ತಿಳಿಯುತ್ತಿದ್ದರೋ, ಹಸಿ ಹುಳು ಒಂದೂ ಅವರ ಬುಟ್ಟಿಗೆ ಬೀಳುತ್ತಿರಲಿಲ್ಲ. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆಯೂ ಸೇರಿ ಟೈಟನ್ ಕಟ್ಟಿದವು. ಹೊಸೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ಎದ್ದಾಗ ಸುತ್ತಲಿನ ಹಳ್ಳಿಗಳಿಂದ, ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ತೆಗೆದುಕೊಂಡು ತರಬೇತಿ ಕೊಟ್ಟರು. ಚಿಕ್ಕಮ್ಮ ಹೋದರು. ಕಣ್ಣಿಗೆ ಮಸೂರ ಸಿಕ್ಕಿಸಿ, ಚಿಮಟಿಗೆ ಹಿಡಿದು, ರಾಗಿ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಕೂರಿಸುವ ಕೆಲಸ. ಕಷ್ಟವಾಗಲಿಲ್ಲವಾ ಎಂದು ನಾನು ಕೇಳಿದ್ದೆ. “ಸ್ಕ್ರೂ ಸಾಯಲ್ಲವಲ್ಲ ಮಗಾ, ಅದಕ್ಕಿಂತ ಸಲೀಸು,” ಅಂದರು.

ಟೈಟನ್ ಎಡ್ಜ್ ಬಂದದ್ದು 2002ರಲ್ಲಿ. ಇಡೀ ಗಡಿಯಾರದ ದಪ್ಪ 3.5 ಮಿಲಿಮೀಟರು, ಒಳಗಿನ ಯಂತ್ರ 1.15 ಮಿಲಿಮೀಟರು. ಹೊಸೂರಿನವರೇ ರೂಪಿಸಿದ ಯಂತ್ರ ಅದು. ನಾನು ಅದನ್ನು ತರಗತಿಗೆ ತಂದು ಮಕ್ಕಳ ಕೈಯಿಂದ ಕೈಗೆ ದಾಟಿಸುತ್ತಿದ್ದೆ. ತೆಳುವಾಗಿಸುವುದು ಎಂದರೆ ಅಂದ ಹೆಚ್ಚಿಸುವುದಷ್ಟೇ ಅಲ್ಲ, ಬ್ಯಾಟರಿ, ಗಾಜು, ಮುಳ್ಳು, ಹಿಂಬದಿಯ ಮುಚ್ಚಳ, ಇವುಗಳ ನಡುವಿನ ಕೂದಲೆಳೆಯಷ್ಟು ಜಾಗವನ್ನು ಮತ್ತೆ ಹಂಚುವುದು ಎಂದು ವಿವರಿಸುತ್ತಿದ್ದೆ. ಆಮೇಲೆ ಕೇಳುತ್ತಿದ್ದೆ: ಈ ಜಾಗ ಉಳಿಸಿದವರ ಪಟ್ಟಿಯಲ್ಲಿ ಯಾರ್ಯಾರ ಹೆಸರು ಬರೆಯುತ್ತೀರಿ? ಎಂಜಿನಿಯರು, ಡಿಸೈನರು ಎಂದು ಬರೆಯುತ್ತಿದ್ದರು. ಜೋಡಿಸುವವರ ಬೆರಳು ಒಪ್ಪದಿದ್ದರೆ ಆ ನಕ್ಷೆ ಕಾಗದದಲ್ಲೇ ಉಳಿಯುತ್ತಿತ್ತು ಎಂದು ನಾನು ಸೇರಿಸುತ್ತಿದ್ದೆ. ನನ್ನ ಚಿಕ್ಕಮ್ಮನ ಬಗ್ಗೆ ಹೇಳಿದಾಗ ಸ್ಟುಡಿಯೋದಲ್ಲಿ ಯಾರೂ ಗಡಿಯಾರವನ್ನು ಮುಂಚಿನಂತೆ ಹಿಡಿಯುತ್ತಿರಲಿಲ್ಲ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಮುಂಬೈಗೆ ಹೋದದ್ದು, ಐಐಟಿಯ ಐಡಿಸಿಯಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಕಲಿತದ್ದು ಬೇರೆಯೇ ಕತೆ, ಇಲ್ಲಿ ಬೇಡ. ಅಲ್ಲಿ ಕಲಿತ ಇತಿಹಾಸದಲ್ಲಿ ಎರಡು ಸಂಗತಿ ಮಾತ್ರ ನನ್ನ ಪಾಠಕ್ಕೆ ಕೊನೆಯವರೆಗೂ ಬೇಕಾದವು. ಮೊದಲನೆಯದು, ಜರ್ಮನಿಯ ಉಲ್ಮ್ ಶಾಲೆಯಲ್ಲಿ ಓದಿ ಬಂದ ಸುಧಾಕರ ನಾಡಕರ್ಣಿಯವರು 1969ರಲ್ಲಿ ಐಡಿಸಿ ಶುರು ಮಾಡಿದಾಗ ತಂದ ಶಿಸ್ತು: ಅಳತೆ ಮಾಡದೆ ಅಭಿಪ್ರಾಯ ಹೇಳಬಾರದು. ಎರಡನೆಯದು, ಭಾರತ ಸರ್ಕಾರ ಕರೆಸಿಕೊಂಡ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಬರೆದುಕೊಟ್ಟ ವರದಿ. ಅಹಮದಾಬಾದಿನ ಡಿಸೈನ್ ಶಾಲೆ ಎನ್‌ಐಡಿ 1961ರಲ್ಲಿ ಹುಟ್ಟಲು ಅದೇ ಕಾರಣ. ದೇಶವೆಲ್ಲ ಸುತ್ತಿದ ಅವರಿಗೆ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು ನಮ್ಮ ಚೊಂಬು. ತುಂಬಿದಾಗ, ಖಾಲಿಯಾದಾಗ, ಬಗ್ಗಿಸಿದಾಗ ಅದರ ತೂಕ ಎಲ್ಲಿ ನಿಲ್ಲುತ್ತದೆ, ಸೊಂಟಕ್ಕೆ ತಲೆಗೆ ಹೇಗೆ ಒಗ್ಗುತ್ತದೆ, ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಬೆಲೆ ಏನು, ಹೀಗೆ ಪ್ರಶ್ನೆಗಳನ್ನು ಅವರು ಸಾಲಾಗಿ ಜೋಡಿಸಿದ್ದರು. ಒಬ್ಬ ಮನುಷ್ಯ ಕೂತು ಚೊಂಬನ್ನು ರೂಪಿಸಿದ್ದಲ್ಲ, ತಲೆಮಾರುಗಳು ರೂಪಿಸಿದವು ಎಂಬುದು ಅವರ ಮಾತಿನ ತಿರುಳು.

ನಾನು ಚೊಂಬಿನ ಬದಲು ಪ್ಲಾಸ್ಟಿಕ್ ಬಿಂದಿಗೆ ಕೊಟ್ಟೆ. ಹೊಸೂರಿನ ಸಂತೆಯಿಂದ ಹಸಿರು, ಗುಲಾಬಿ, ನೀಲಿ ಬಿಂದಿಗೆ ತಂದು, ಪಕ್ಕದಲ್ಲಿ ನಮ್ಮಜ್ಜಿಯ ಹಿತ್ತಾಳೆ ಬಿಂದಿಗೆ ಇಟ್ಟು, ಎರಡನ್ನೂ ತುಂಬಿ ಸೊಂಟದ ಮೇಲೆ ಹೊತ್ತು ಮೂರು ಮಹಡಿ ಹತ್ತಿ ಬನ್ನಿ ಎಂದೆ. ಹುಡುಗರಿಗೂ ವಿನಾಯಿತಿ ಇರಲಿಲ್ಲ. ಹತ್ತಿ ಬಂದವರಿಗೆ ಕಂಠ ಯಾಕೆ ಅಷ್ಟು ಕಿರಿದು, ತುಟಿ ಯಾಕೆ ಹೊರಕ್ಕೆ ಬಾಗಿದೆ, ಹೊಟ್ಟೆ ಯಾಕೆ ಅಷ್ಟು ಉಬ್ಬಿದೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಅಚ್ಚಿನ ಎರಡು ಅರ್ಧಗಳು ಸೇರುವಲ್ಲಿ ಪ್ಲಾಸ್ಟಿಕ್ಕಿನ ಮೈಮೇಲೆ ಉಳಿಯುವ ಗೆರೆ ಅಂಗೈಗೆ ಎಲ್ಲಿ ಒತ್ತುತ್ತದೆ ಎಂಬುದೂ ತಿಳಿಯಿತು. ಬೆಂಗಳೂರಿನ ಹತ್ತಿರದ್ದೇ ಇನ್ನೊಂದು ಉದಾಹರಣೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ತಂಡ. ಕುಣಿಗಲ್ಲಿನ ಹತ್ತಿರ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು, ಅಡುಗೆಮನೆಯ ಹೊಗೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡ ಆ ವಿಜ್ಞಾನಿಗಳ ಅಸ್ತ್ರ ಒಲೆಯನ್ನು ನಾನು ಪ್ರತಿ ವರ್ಷ ಕಾರಿನ ಪಾಠದ ಮುಂಚೆ ಕಲಿಸಿದೆ, ನಂತರ ಅಲ್ಲ.

ಈಗ ನನ್ನ ವಿದ್ಯಾರ್ಥಿಯಾಗಿದ್ದ ಒಬ್ಬ ಹುಡುಗನ ವಿಷಯ. ಹೆಸರು ಬೇಡ. ನಮ್ಮ ಗಡಿಯ ತಳಿ ಊರಿನ ಕಡೆಯವನು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ, ಹೇಗೋ ನಮ್ಮ ಕೋರ್ಸಿಗೆ ಬಂದ. ತರಗತಿಯಲ್ಲಿ ದೆಹಲಿ, ಕೊಚ್ಚಿ, ಬೆಂಗಳೂರಿನ ಒಳ್ಳೆಯ ಶಾಲೆಗಳ ಮಕ್ಕಳು. ಇವನು ಹಿಂದಿನ ಬೆಂಚು. ಮೂರನೆಯ ವರ್ಷದ ಪ್ರಾಜೆಕ್ಟಿಗೆ ಉಳಿದವರೆಲ್ಲ ಬ್ಲೂಟೂತ್ ಸ್ಪೀಕರು, ಕಾಫಿ ಯಂತ್ರ ಎಂದಾಗ ಇವನೂ ಸ್ಪೀಕರು ಎಂದ. ಮನೆಯಲ್ಲಿರುವ ಯಾವುದನ್ನಾದರೂ ಮೊದಲು ಬರೆದು ತಾ ಎಂದೆ.

“ಮನೇಲಿ ಡಿಸೈನ್ ಮಾಡಿರೋದು ಏನೂ ಇಲ್ಲ ಮೇಡಮ್,” ಅಂದ.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅವನ ಮನೆ ಎಂಥದೆಂದು ನನಗೆ ಗೊತ್ತಿತ್ತು, ನಾನು ಬೆಳೆದ ಮನೆಯೂ ಅಂಥದೇ. ಅದೇ ವಾರ ಅವನ ಜೊತೆ ಊರಿಗೆ ಹೋದೆ. ಹುಳುವಿನ ಮನೆಯ ಬಾಗಿಲಲ್ಲಿ ಅವನ ತಾಯಿ ತಡೆದು ನಿಲ್ಲಿಸಿದರು. “ಹಂಗೇ ಒಳಗ್ ಬರ್ಬೇಡ್ರಮ್ಮಾ, ಬೇಜಾರ್ ಮಾಡ್ಕೋಬೇಡಿ. ಕೈಕಾಲು ತೊಳ್ಕೊಂಡು, ಅಗೋ ಆ ಸುಣ್ಣದ ಪುಡಿ ಮೇಲೆ ಕಾಲಿಟ್ಟು ಬನ್ನಿ.” ಅವತ್ತು ಹುಳು ಹಣ್ಣಾದ ದಿನ. ಹೊರಗಿನ ಜಗಲಿಯುದ್ದಕ್ಕೂ ಚಂದ್ರಿಕೆಗಳು ಒರಗಿದ್ದವು.

ಚಂದ್ರಿಕೆ ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ತಟ್ಟಿ. ಅದರ ಮೇಲೆ ಎರಡಂಗುಲ ಎತ್ತರದ ಬಿದಿರು ಪಟ್ಟಿಯನ್ನು ಹೊರಗಿನಿಂದ ಒಳಕ್ಕೆ ಸುರುಳಿಯಾಗಿ ನಿಲ್ಲಿಸಿ ಹೊಲಿದಿರುತ್ತಾರೆ, ಸುತ್ತಿಂದ ಸುತ್ತಿಗೆ ಮತ್ತೆರಡಂಗುಲ ಸಂದಿ. ಒಂದರ ಮೇಲೆ ಸಾವಿರದ ಸುಮಾರು ಹುಳು. ಗೂಡು ಕಟ್ಟುವ ಮುಂಚೆ ಹುಳು ಮೈಯೊಳಗಿನ ನೀರನ್ನೆಲ್ಲ ಒಮ್ಮೆ ಹೊರಬಿಡುತ್ತದೆ. ಆ ತೇವ ನಿಂತರೆ ನೂಲು ಸರಿಯಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಅದಕ್ಕೇ ಚಂದ್ರಿಕೆಯನ್ನು ಗಾಳಿ ಆಡುವಲ್ಲಿ, ಬಿಸಿಲು ನೇರ ಬೀಳದಲ್ಲಿ ಓರೆಯಾಗಿ ಒರಗಿಸುತ್ತಾರೆ. ಓರೆ ಕಡಿಮೆಯಾದರೆ ತೇವ ಇಳಿಯದು, ಹೆಚ್ಚಾದರೆ ಹುಳು ಜಾರುತ್ತದೆ. ಎಷ್ಟು ಓರೆ ಎಂದು ಕೇಳಿದೆ. ತಾಯಿ ಕೈಯಲ್ಲಿ ತೋರಿಸಿದರು. ಮಗ ಮಾತಾಡದೆ ಹೋಗಿ ಒಂದು ಚಂದ್ರಿಕೆಯ ಬುಡವನ್ನು ಅರ್ಧ ಗೇಣು ಹಿಂದಕ್ಕೆ ಸರಿಸಿದ. ತಾಯಿ ತಲೆಯಾಡಿಸಿದರು. ಅವನಿಗೆ ಆ ಕೋನ ಗೊತ್ತಿತ್ತು. ಕಾಗದದ ಮೇಲೆ ಬರೆಯಬಹುದಾದ ವಿದ್ಯೆ ಅದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಮೋಡ ಕವಿಯಿತು. ನಲವತ್ತು ಚಂದ್ರಿಕೆಗಳನ್ನು ಒಳಗೆ ಸಾಗಿಸಬೇಕು. ಆರಡಿ ತಟ್ಟಿಯನ್ನು ಒಬ್ಬರೇ ಎತ್ತಲಾಗದು, ಎತ್ತಿದರೂ ಬಾಗಿಲಲ್ಲಿ ಓರೆ ಮಾಡಿ ತೂರಿಸಬೇಕು, ಓರೆ ಮಾಡಿದರೆ ಹುಳು ಉದುರುತ್ತದೆ. ತಂದೆ ಊರಲ್ಲಿರಲಿಲ್ಲ. ತಾಯಿ, ಮಗ, ಪಕ್ಕದ ಮನೆಯ ಸೊಸೆ, ನಾನು, ನಾಲ್ವರೂ ಹೊತ್ತೆವು. ಆ ಅರ್ಧ ಗಂಟೆಯಲ್ಲಿ ಪ್ರಾಜೆಕ್ಟು ತಾನಾಗಿ ಹುಟ್ಟಿತು. ಸ್ಪೀಕರಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊಸ ಬಗೆಯ ಚಂದ್ರಿಕೆಗಳು ಬಂದಿಲ್ಲವೆಂದಲ್ಲ. ಪ್ಲಾಸ್ಟಿಕ್ಕಿನ ನೇತ್ರಿಕೆ ಇದೆ, ಅದು ಮಡಚುತ್ತದೆ, ತೊಳೆಯಲು ಸುಲಭ, ರೋಗ ಹರಡುವುದು ಕಡಿಮೆ. ಬಾಡಿಗೆಗೆ ತರುವ ಬಿದಿರು ಚಂದ್ರಿಕೆಯ ಜೊತೆ ಹಿಂದಿನ ಮನೆಯ ರೋಗವೂ ಬರುತ್ತದೆ ಎಂಬುದು ಎಲ್ಲ ರೈತರಿಗೂ ಗೊತ್ತು. ಆದರೆ ಪ್ಲಾಸ್ಟಿಕ್ಕು ತೇವ ಹೀರುವುದಿಲ್ಲ, ಕೆಳಗೆ ಪತ್ರಿಕೆ ಹಾಸಿ ಬದಲಿಸುತ್ತಿರಬೇಕು. ತಿರುಗುವ ಚೌಕಟ್ಟಿನ ಚಂದ್ರಿಕೆಯೂ ಇದೆ, ಗೂಡು ಬಲು ಚೆನ್ನಾಗಿ ಬರುತ್ತದೆ, ಆದರೆ ಅದನ್ನು ತೂಗುಹಾಕಲು ಎತ್ತರದ ಮನೆ ಬೇಕು, ಹಣ ಬೇಕು. ಹುಡುಗ ಇವೆಲ್ಲವನ್ನೂ ಅಳೆದು, ಬೆಲೆ ಕೇಳಿ, ಹೊಸೂರಿನ ರೇಷ್ಮೆ ಕೇಂದ್ರದವರನ್ನು ಮಾತಾಡಿಸಿ ಪಟ್ಟಿ ಮಾಡಿದ. ಹಿಂದಿನ ಬೆಂಚಿನ ಹುಡುಗ ಕಾಗದ ಹಿಡಿದು ಮುಂದೆ ಬಂದು ಕೂತದ್ದು ಆಗ.

ಅವನ ಮೊದಲ ಮಾದರಿ, ಮಧ್ಯಕ್ಕೆ ಕೀಲು ಹಾಕಿ ಮಡಚುವ ಚಂದ್ರಿಕೆ. ತಾಯಿ ಒಂದೇ ನೋಟದಲ್ಲಿ ತಳ್ಳಿಹಾಕಿದರು: ಕೀಲಿನ ಸಂದಿಗೆ ಹುಳು ಗುಂಪುಗೂಡುತ್ತದೆ, ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಜೋಡಿಗೂಡಿಗೆ ಬೆಲೆಯಿಲ್ಲ. ಎರಡನೆಯದರಲ್ಲಿ ಮೂರಡಿಯ ಎರಡು ಬೇರೆ ತಟ್ಟಿ, ಎರಡಕ್ಕೂ ತಮ್ಮದೇ ಸುರುಳಿ. ಅದನ್ನು ಹೆಣೆಯಲು ಕೊಟ್ಟ ಮೇದರ ಯಜಮಾನರು ಪಟ್ಟಿಯನ್ನು ಬಗ್ಗಿಸಿ ತೋರಿಸಿ, ಒಳಸುತ್ತು ಇಷ್ಟು ಚಿಕ್ಕದಾದರೆ ಬಿದಿರು ಸೀಳುತ್ತದೆ ಎಂದರು. ಅವರೇ ಸುರುಳಿಯ ನಡುವನ್ನು ಉದ್ದನೆಯ ಮೊಟ್ಟೆಯಾಕಾರಕ್ಕೆ ತಿರುಗಿಸಿದರು. ಹಾಗಾಗಿ ಮೂರನೆಯ ಮಾದರಿಯನ್ನು ರೂಪಿಸಿದವರು ಮೂವರು. ಹುಡುಗನ ಪಾಲಿನದು ಅದನ್ನು ಹೊತ್ತು ನಿಲ್ಲುವ ಚೌಕಟ್ಟು. ತೆಳು ಕಬ್ಬಿಣದ ಕೊಳವೆ, ಎರಡು ಕಾಲು, ಎರಡು ಹಲ್ಲು. ತಟ್ಟಿಯನ್ನು ಆ ಹಲ್ಲಿಗೆ ಕೂರಿಸಿದರೆ ಅವನ ತಾಯಿ ಕೈಯಲ್ಲಿ ತೋರಿಸಿದ ಓರೆ ತಾನಾಗಿ ಬರುತ್ತದೆ. ಒಬ್ಬ ಹೆಂಗಸು ಒಂದು ತಟ್ಟಿಯನ್ನು ಬಾಗಿಲಿನಿಂದ ಮಟ್ಟಸವಾಗಿ ಹಿಡಿದು ಒಳಗೆ ಒಯ್ಯಬಹುದು.

ಜ್ಯೂರಿಯ ದಿನ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಬಿದಿರನ್ನು ನೋಡಿ, ಇದು ಕರಕುಶಲವಲ್ಲವೇ, ಇದರಲ್ಲಿ ಇಂಡಸ್ಟ್ರಿ ಎಲ್ಲಿದೆ ಎಂದು ಕೇಳಿದರು. ಪ್ರಾಮಾಣಿಕ ಪ್ರಶ್ನೆ ಅದು. ಹುಡುಗ ಇಂಗ್ಲಿಷಿನಲ್ಲಿ ತಡವರಿಸಿದ, ಮತ್ತೆ ಕನ್ನಡದಲ್ಲಿ ಹೇಳಿದ, ನಾನು ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಂದು ತಿಳಿಸಿದೆ. ಚೌಕಟ್ಟಿನ ಹಲ್ಲು ಕತ್ತರಿಸುವ ಜಿಗ್ಗನ್ನು ಅವನು ತಂದಿದ್ದ. ಆ ಜಿಗ್ಗಿನಲ್ಲಿ ಯಾರೇ ವೆಲ್ಡರು ಮಾಡಿದರೂ ಕೋನ ತಪ್ಪುವುದಿಲ್ಲ. ಚೌಕಟ್ಟು ಕಾರ್ಖಾನೆಯಲ್ಲಿ ಆಗಲಿ, ತಟ್ಟಿ ಊರಿನ ಮೇದರ ಕೈಯಲ್ಲಿ ಆಗಲಿ, ಎರಡೂ ಒಂದಕ್ಕೊಂದು ಕೂರುವ ಅಳತೆ ಮಾತ್ರ ಎಲ್ಲೆಡೆ ಒಂದೇ ಇರಲಿ ಎಂದ. ಒಂದು ಅಳತೆಯನ್ನು ಸಾವಿರ ಕೈಗಳಿಗೆ ತಪ್ಪದಂತೆ ತಲುಪಿಸುವುದೇ ಇಂಡಸ್ಟ್ರಿ ಎಂದು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೆ. ಅವನು ಅದನ್ನು ಜಿಗ್ಗಿನಲ್ಲಿ ತೋರಿಸಿದ. ಪರೀಕ್ಷಕರು ಜಿಗ್ಗನ್ನು ಬಹಳ ಹೊತ್ತು ತಿರುಗಿಸಿ ನೋಡಿ ಒಳ್ಳೆಯ ಅಂಕ ಕೊಟ್ಟರು.

ಅವನ ಚಂದ್ರಿಕೆ ಊರೂರಿಗೆ ಹಬ್ಬಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವನ ಮನೆಯಲ್ಲಿ, ನೆಂಟರ ಮನೆಗಳಲ್ಲಿ ಬಳಸುತ್ತಿದ್ದಾರೆ. ಅವನು ಈಗ ಹೊಸೂರಿನ ಒಂದು ಸಣ್ಣ ಟೂಲ್ ರೂಮಿನಲ್ಲಿ ಜಿಗ್ಗು, ಫಿಕ್ಸ್‌ಚರುಗಳನ್ನು ರೂಪಿಸುತ್ತಾನೆ. ಕೆಲಸಗಾರರು ದಿನವಿಡೀ ಬಗ್ಗಿ ಮಾಡುವ ಕೆಲಸವನ್ನು ನೆಟ್ಟಗೆ ಕೂತು ಮಾಡುವಂತೆ, ತಿರುಗುಮುರುಗು ಕೂರಿಸಲಾಗದಂತೆ ಮಾಡುವ ಸಾಧನಗಳು ಅವು. ಅಂಗಡಿಯಲ್ಲಿ ಅವು ಯಾರಿಗೂ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಇಂಡಸ್ಟ್ರಿಯಲ್ ಡಿಸೈನಿನ ಅತಿ ಗೌರವದ ಕೆಲಸ ಅದು. ವಸ್ತು ಕೊಳ್ಳುವವರ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳು ಬಹಳ ಕಲಿಸುತ್ತವೆ, ಮಾಡುವವರ ಬೆನ್ನು, ಕಣ್ಣು, ಬೆರಳಿನ ಬಗ್ಗೆ ತೀರ ಕಡಿಮೆ.

ಅವನ ನಂತರ ನಾನು ಪಾಠದ ಕ್ರಮವನ್ನೇ ಬದಲಿಸಿದೆ. ಮೊದಲ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಮನೆಯವರ ಒಂದು ಕೆಲಸವನ್ನು ನೂರು ಚಿತ್ರಗಳಲ್ಲಿ ಬರೆಯಬೇಕು, ಕೆಲಸ ಮಾಡುವವರು ಆ ಚಿತ್ರಗಳನ್ನು ನೋಡಿ ತಿದ್ದಬೇಕು, ಅವರ ತಿದ್ದುಪಡಿಗೂ ಅಂಕ. ದೆಹಲಿಯ ಹುಡುಗಿಯೊಬ್ಬಳು ತನ್ನ ಮನೆಗೆ ಇಸ್ತ್ರಿ ಮಾಡಲು ಬರುವವರ ಭುಜವನ್ನು ಬರೆದು ತಂದಳು. ಕೊಚ್ಚಿಯ ಹುಡುಗ ತಂದೆಯ ದಂತವೈದ್ಯದ ಕುರ್ಚಿಯನ್ನು ತಂದೆಯ ಕಡೆಯಿಂದ ಬರೆದ. ಆದರೆ ನಮ್ಮ ಗಡಿಯ ಹಳ್ಳಿಗಳ ಮಕ್ಕಳು ಬರುವುದು ಹೆಚ್ಚಲಿಲ್ಲ. ಅದೇ ನನಗೆ ಇಂದಿಗೂ ಉಳಿದಿರುವ ನೋವು. 1973ರ ಆಸುಪಾಸಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದಾಗಿನಿಂದ ಹೊಸೂರು ದೇಶಕ್ಕೆ ಲಾರಿ, ಮೊಪೆಡ್, ಗಡಿಯಾರ, ಆಭರಣ ಮಾಡಿಕೊಟ್ಟಿದೆ. ಈಗ ಟಾಟಾ ಎಲೆಕ್ಟ್ರಾನಿಕ್ಸಿನಲ್ಲಿ ಫೋನಿನ ಭಾಗಗಳು ತಯಾರಾಗುತ್ತಿವೆ, ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಬಹಳ. ಮಾಡುವ ಕೈ ನಮ್ಮ ಊರಿನದು. ರೂಪಿಸುವ ಕೋಣೆಯಲ್ಲಿ ನಮ್ಮ ಊರಿನವರು ಎಷ್ಟು ಮಂದಿ?

ದಾರಿ ಎಲ್ಲಿ ಮುಚ್ಚಿದೆ ಎಂದು ಹುಡುಕಿದರೆ ಬಾಗಿಲಲ್ಲೇ ಸಿಗುತ್ತದೆ. ಐಐಟಿಗಳ ಡಿಸೈನ್ ಪದವಿಗೆ ನಡೆಸುವ ಯುಸೀಡ್ ಪರೀಕ್ಷೆಯಾಗಲಿ, ಎನ್‌ಐಡಿಯ ಪ್ರವೇಶ ಪರೀಕ್ಷೆಯಾಗಲಿ ಕನ್ನಡದಲ್ಲೂ ಇಲ್ಲ, ತಮಿಳಿನಲ್ಲೂ ಇಲ್ಲ. ಕೋಚಿಂಗಿಗೆ ಬೆಂಗಳೂರಿಗೆ ಹೋಗಬೇಕು, ಅದರ ಶುಲ್ಕ ಒಂದು ಬೆಳೆಯ ಗೂಡಿನ ಹಣ. ನಿವೃತ್ತಿಯಾದ ಮೇಲೆ ನಾನು ಕೆಲಮಂಗಲದಲ್ಲಿ ಭಾನುವಾರದ ತರಗತಿ ಇಟ್ಟುಕೊಂಡಿದ್ದೇನೆ. ಹೈಸ್ಕೂಲಿನ, ಪಿಯುಸಿಯ ವಯಸ್ಸಿನ ಮಕ್ಕಳು, ಪಾಠ ಕನ್ನಡ ತಮಿಳು ಎರಡರಲ್ಲೂ. ಹೆಣ್ಣುಮಕ್ಕಳೇ ಹೆಚ್ಚು, ಕೆಲವರ ಅಕ್ಕಂದಿರು ಫೋನಿನ ಕಾರ್ಖಾನೆಯಲ್ಲಿದ್ದಾರೆ. ಈಳಿಗೆಮಣೆಯನ್ನು ಆರು ಕಡೆಯಿಂದ ಬರೆಯುತ್ತಾರೆ, ಅದನ್ನು ಕಾಲಲ್ಲಿ ಒತ್ತಿ ಹಿಡಿದ ಅಮ್ಮನನ್ನು ಬರೆಯುತ್ತಾರೆ, ಕಾಯಿ ತುರಿಯುವಾಗ ಮೊಣಕಾಲು ಎಲ್ಲಿ ಬರುತ್ತದೆ ಎಂದು ಒಬ್ಬರನ್ನೊಬ್ಬರು ತಿದ್ದುತ್ತಾರೆ. ಜನವರಿಯಲ್ಲಿ ಪರೀಕ್ಷೆ. ಇಂಗ್ಲಿಷ್ ಪ್ರಶ್ನೆಯನ್ನು ಒಂದೇ ಓದಿಗೆ ಹಿಡಿಯುವ ಅಭ್ಯಾಸ ಇನ್ನೂ ಸಾಲದು, ಅದಕ್ಕೆ ವಾರದ ನಡುವೆಯೂ ಸಂಜೆ ಕೂರುತ್ತಿದ್ದೇವೆ. ಚಿತ್ರ ಬರೆಯುವ ಭಾಗದ ಬಗ್ಗೆ ನನಗೆ ಚಿಂತೆಯಿಲ್ಲ.